ನಿಂತವರ ಹಿಮ್ಮಡಿ

ನಮ್ಮವ್ವ ಬೆಳಿಗ್ಗೆ ಎದ್ದವಳು ನೆಲಕ್ಕೆ ಕಾಲೂರುವ ಮೊದಲು ಗೋಡೆಗೆ ಕೈಯೂರುತ್ತಿದ್ದಳು. ಮೊದಲ ನಾಲ್ಕು ಹೆಜ್ಜೆ ಹಿಮ್ಮಡಿಗೆ ಮುಳ್ಳು ಹೊಡೆದಂತೆ. ಆಮೇಲೆ ನೋವು ತುಸು ಇಳಿದು, ಅವಳು ಚಹಾಕ್ಕಿಡುವಳು. ಮಗಳಾದ ನಾನು ಎರಡು ವರ್ಷ ಅದನ್ನು ನೋಡಿ ಏನು ಮಾಡಿದೆ ಅಂತೀರಿ? ಉಪದೇಶ ಮಾಡಿದೆ. "ಮುಂಜಾನೆ ವಾಕಿಂಗ್ ಹೋಗಬೇ, ಮೈ ಇಳೀತದ" ಅಂದೆ. ಇಚಲಕರಂಜಿಯ ಶಹಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ, ಮಗ್ಗದ ಲಾಳಿಗೆ ಬೇಕಾದ ನೂಲಿನ ಕಾಂಡಿ ಸುತ್ತುತ್ತ, ಸಿಮೆಂಟ್ ನೆಲದ ಮೇಲೆ ಹತ್ತು ತಾಸು ಬರಿಗಾಲಲ್ಲಿ ನಿಂತು ಬರುವವಳಿಗೆ ನಡೆಯಲು ಹೇಳಿದ ನನ್ನ ನಾಲಗೆಯ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಕೊನೆಗೆ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಅಂಗಾಲು ಒತ್ತಿ ನೋಡಿ, ಹಿಮ್ಮಡಿಯಿಂದ ಬೆರಳಿನವರೆಗೆ ಬಿಗಿದಿರುವ ಪಟ್ಟಿ ಜಗ್ಗಿ ಜಗ್ಗಿ ಹಣ್ಣಾಗಿದೆ ಎಂದರು. ಮೈಭಾರ, ವಯಸ್ಸು, ತೆಳು ಚಪ್ಪಲಿ, ಬಿಗಿದ ಮೀನಖಂಡ, ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಲ್ಲುವುದು, ಹೀಗೆ ಕಾರಣಗಳನ್ನೂ ಹೇಳಿದರು.

"ಮೆತ್ತನ್ನ ಚಪ್ಪಲ್ ಹಾಕ್ಕೋರಿ ಮಾವಶಿ, ನಡುನಡುವ ಕುಂಡ್ರಿ."

ಅವ್ವ ನಕ್ಕಳು. "ಚಪ್ಪಲ್ ಶೆಡ್ಡಿನ ಹೊರಗ ಬಿಡಬೇಕ್ರಿ. ಕುಂಡ್ರಾಕ ಸ್ಟೂಲ್ ಇದ್ದೂ, ಮಾಲಕ ತಗಸ್ಯಾನ. ಕುಂತ್ರ ಕೈ ನಿಧಾನ ಆಗ್ತಾವಂತ."

ಇದು ನನಗೆ ಗೊತ್ತೇ ಇರಲಿಲ್ಲ. ಅವಳ ಮೈ, ಅವಳ ವಯಸ್ಸು, ಅವಳ ಚಪ್ಪಲಿ ಎಂದು ನೋವನ್ನೆಲ್ಲ ಅವಳ ಮೇಲೆಯೇ ಹೊರಿಸುತ್ತಿದ್ದ ನಾವು, ಅವಳು ನಿಂತ ನೆಲ ಯಾರದೆಂದು ಕೇಳಿರಲೇ ಇಲ್ಲ.

ಮರುದಿನ ಡಾಕ್ಟರ ಚೀಟಿ ಹಿಡಿದು ಶೆಡ್ಡಿಗೆ ಹೋಗಿ, ಅವ್ವನಿಗೊಂದು ಸ್ಟೂಲು ಕೊಡಿ, ಒಳಗೆ ಚಪ್ಪಲಿ ಹಾಕಲು ಬಿಡಿ ಎಂದೆ. ಬಾಗಿಲ ಪಕ್ಕ ಫ್ಯಾನಿನ ಕೆಳಗೆ, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಕುಳಿತಿದ್ದ ಮಾಲಕ ಚೀಟಿ ಓದಲಿಲ್ಲ.

"ನಿಮ್ಮವ್ವಗ ವಯಸ್ಸಾಗೇದ್ರಿ. ಬೇಕಾದ್ರ ಮನ್ಯಾಗ ಆರಾಮ ಮಾಡ್ಲಿ. ಒಬ್ಬಾಕಿಗೆ ಸ್ಟೂಲ್ ಕೊಟ್ರ ಎಲ್ಲಾರೂ ಕೇಳ್ತಾರ."

"ಎಲ್ಲಾರ್ದೂ ಹಿಂಬಡ ನೋಯಾಕತ್ತಾವ ಅಂತ ನಿಮಗ ಗೊತ್ತದ ಅಂದಂಗಾತು!" ಮಗ್ಗಗಳ ಗದ್ದಲವನ್ನೂ ಮೀರಿ ಕೂಗಿದೆ.

ಅವ್ವ ಹೊರಗೆ ಬಂದಳು. ಕೆಲಸ ಹೋದೀತೆಂದು ನನ್ನನ್ನೇ ಬೈಯುವಳು ಅಂದುಕೊಂಡೆ. ಅವಳು ನನ್ನನ್ನೊಮ್ಮೆ, ಮಾಲಕನನ್ನೊಮ್ಮೆ ನೋಡಿ, ಒಳಹೋಗಿ ತನ್ನ ಕಾಂಡಿ ಯಂತ್ರ ಬಂದ್ ಮಾಡಿ, ಅದೇ ಸಿಮೆಂಟಿನ ಮೇಲೆ ಕಾಲು ಚಾಚಿ ಕುಳಿತುಬಿಟ್ಟಳು.

"ಸ್ಟೂಲ್ ಬರೂತನಾ ಇಲ್ಲೇ ಕುಂಡ್ರತೇನಿ."

ಪಕ್ಕದವಳು ಕುಳಿತಳು. ಅವಳಾಚೆಯವಳೂ ಕುಳಿತಳು. ಕಾಂಡಿ ಸುತ್ತುವ ಏಳು ಹೆಂಗಸರೂ ಕುಳಿತ ಮೇಲೆ, ಸುತ್ತಿಟ್ಟ ಕಾಂಡಿ ಮುಗಿದಂತೆಲ್ಲ ಮಗ್ಗಗಳು ಒಂದೊಂದಾಗಿ ನಿಂತವು. ಆ ಶೆಡ್ಡು ಹಾಗೆ ಮೌನವಾದದ್ದನ್ನು ನಾನು ಕಂಡೇ ಇರಲಿಲ್ಲ. ಮಧ್ಯಾಹ್ನಕ್ಕೆ ಮಾಲಕ "ಬಸ್ ಕರಾ ಆತಾ", ಇನ್ನು ಸಾಕು ಮಾಡಿ, ಎಂದು ಮರಾಠಿಯಲ್ಲಿ ಗೊಣಗುತ್ತ ಎರಡು ಸ್ಟೂಲು ತರಿಸಿದ, ಒಳಗೆ ಚಪ್ಪಲಿ ಹಾಕಲೂ ಒಪ್ಪಿದ.

ಅವ್ವನ ನೋವು ಈಗ ಅರ್ಧಕ್ಕಿಳಿದಿದೆ, ನನ್ನ ಸಿಟ್ಟು ಇಳಿದಿಲ್ಲ. ಬಂದ ವ್ಯಾಪಾರಿಗಳ ಮುಂದೆ ಮಾಲಕ, ತನ್ನಲ್ಲಿ ಹೆಣ್ಣುಮಕ್ಕಳಿಗೆ ಭಾಳ ಸವಲತ್ತು ಎಂದು ಹೇಳಿಕೊಳ್ಳುತ್ತಾನಂತೆ. ಅದನ್ನು ಕೇಳಿ ನಾನು ಕುದಿಯುತ್ತಿದ್ದರೆ ಅವ್ವ ಕೆಲಸಕ್ಕೆ ಹೊರಟು ನಿಂತಿದ್ದಳು.

"ಹೇಳ್ಕೊಳ್ಳಿ ಬಿಡು" ಅಂದಳು. "ಎರಡು ಸ್ಟೂಲ್ ಬಂದಾವ. ಇನ್ನ ಐದು ಬರೂದದ."