ಹೂವಿನ ಕೋಣೆಯ ಬಾಗಿಲು

ಕೊಟ್ಟೂರಿನಲ್ಲಿ ನನ್ನದು ಎಸಿ, ಫ್ರಿಜ್ ರಿಪೇರಿಯ ಅಂಗಡಿ. ಬೆನ್ನುನೋವು ಹತ್ತಿದ ಮೇಲೆ ಹಡಗಲಿ ಕಡೆಯ ಕೆಲಸವನ್ನೆಲ್ಲ ನನ್ನ ಹಳೆಯ ಮೆಕ್ಯಾನಿಕ್‌ಗೆ ಒಪ್ಪಿಸಿದೆ. "ಇನ್ನ ಅಲ್ಲಿ ನಿಂದ ಮಾತು, ನಾ ಬಾಯಿ ಹಾಕಂಗಿಲ್ಲ" ಎಂದು ಎಲ್ಲರೆದುರು ದೊಡ್ಡದಾಗಿ ಹೇಳಿದ್ದೆ.

ಈ ಬೇಸಿಗೆಯಲ್ಲಿ ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರ ಕೋಲ್ಡ್ ರೂಮ್ ತಂಪಾಗುತ್ತಿಲ್ಲ ಎಂದು ದೂರು ಬಂತು. ಮೆಕ್ಯಾನಿಕ್ ಹೋಗಿ ನೋಡಿದ. ಮಷೀನು ಚೆನ್ನಾಗಿಯೇ ಇತ್ತು. ಹೂವು ತಂಪಾಗಿದೆಯೋ ಇಲ್ಲವೋ ನೋಡಲು ಸಾಹುಕಾರರೇ ಗಳಿಗೆಗೊಮ್ಮೆ ಬಾಗಿಲು ತೆಗೆಯುತ್ತಿದ್ದರು. ಹಾಗೆ ತೆಗೆಯಬೇಡಿ ಎಂದು ಅವನು ಹೇಳಿದ್ದಕ್ಕೆ ಉರಿದುಬಿದ್ದು ನನಗೆ ಫೋನ್ ಮಾಡಿದರು.

"ನಿಮ್ಮ ಹುಡುಗ ನನಗ ಬುದ್ಧಿ ಹೇಳ್ತಾನ್ರಿ. ನೀವ ಬರ್ರಿ."

ತಲೆ ನರೆತ ಮೆಕ್ಯಾನಿಕ್ ಸಾಹುಕಾರರ ಬಾಯಲ್ಲಿ ಇನ್ನೂ ಹುಡುಗ! ಅವನ ಮಾತೇ ನನ್ನ ಮಾತು ಎಂದು ಫೋನ್ ಇಡಬಹುದಿತ್ತು. ಆದರೆ ಉರಿಬಿಸಿಲಲ್ಲಿ ಬೈಕ್ ಹತ್ತಿದೆ. ಅವನು ಹೇಳಿದ್ದನ್ನೇ ಒಂದಕ್ಷರ ಬಿಡದೆ ನಾನೂ ಹೇಳಿದೆ.

"ಹಿಂಗ ಹೇಳಿದ್ರ ತಿಳೀತೈತಿ ನೋಡ್ರಿ" ಎಂದು ಸಾಹುಕಾರರು ನಕ್ಕು ಚಹಾ ತರಿಸಿದರು, ನನಗೊಬ್ಬನಿಗೆ. ಮೆಕ್ಯಾನಿಕ್ ನೋಡುತ್ತ ನಿಂತಿದ್ದ. ನಾನು ಕುಡಿದೆ.

ಹೊರಗೆ ಬಂದಾಗ ಅವನು ತನ್ನ ಸಾಮಾನಿನ ಚೀಲವನ್ನು ನನ್ನ ಬೈಕಿಗೆ ನೇತುಹಾಕಿದ.

"ಸುಮ್ಸುಮ್ನ ಬಾಗ್ಲ ತಗದು ನೋಡಬ್ಯಾಡ್ರಿ ಅಂತ ಅವ್ರಿಗೆ ಹೇಳಿದ್ರಿ" ಎಂದ. "ನನ್ನ ನಂಬಿ ಕಳಿಸಿದ ಮ್ಯಾಲ ನೀವು ಯಾಕ ನೋಡಾಕ ಬಂದ್ರಿ, ಅಣ್ಣಾರ?"