ನೀರಿನ ಮುಂದೆ ನಿಂತ ನವಣಿ

ಹೋದ ತಿಂಗಳ ಒಂದು ಭಾನುವಾರ ನನ್ನ ಕುದುರೆ ಮೊಣಕಾಲುದ್ದ ನೀರಿನ ಅಂಚಿನಲ್ಲಿ ಗಕ್ಕನೆ ನಿಂತು, ನನ್ನನ್ನೊಬ್ಬಳನ್ನೇ ನೀರಿಗೆ ಕಳಿಸಿತು.

ಕೆಸರಿನಿಂದ ಎದ್ದು ಕೂತಾಗ ಅದು ನನ್ನ ಕಡೆ ನೋಡಲೂ ಇಲ್ಲ. ಕತ್ತು ಹೊರಳಿಸಿ ಮನೆಯ ಬಾಗಿಲ ಕಡೆ ನೋಡುತ್ತಿತ್ತು. ಪಾಪ, ನಾಚಿಕೆಯಾಗಿರಬೇಕು ಎಂದುಕೊಂಡೆ. (ಅದು ನಾಚಿಕೆ ಅಲ್ಲವೆಂದು ಗೊತ್ತಾಗಲು ಸಾಕಷ್ಟು ಸಮಯ ಹಿಡಿಯಿತು.)

ಹೆಣ್ಣು ಕುದುರೆ, ಹೆಸರು ನವಣಿ. ಮಾಗಿದ ನವಣೆ ತೆನೆಯ ಬಣ್ಣ. ತಾಯಿ, ಕುರಿಗಾರರ ಸಾಮಾನು ಹೊರುವ ನಮ್ಮ ಕಡೆಯ ಗಿಡ್ಡ ದಖನಿ ಕುದುರೆ. ತಂದೆ, ಮದುವೆ ಮೆರವಣಿಗೆಗೆಂದು ಗುಜರಾತಿನಿಂದ ಬಂದ ಕಾಠಿಯಾವಾಡಿ. ಇಂಥ ಬೆರಕೆಯನ್ನು ನಾನು ಇನ್ನೆಲ್ಲೂ ನೋಡಿಲ್ಲ. ಕಾಠಿಯಾವಾಡಿಯ ಕಿವಿಗಳು ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುತ್ತವೆ. ನವಣಿಯವು ಬಾಗುತ್ತವೆ, ಮುಟ್ಟುವುದಿಲ್ಲ. "ಅವ್ವ-ಅಪ್ಪನ ಜಗಳ ಕಿವ್ಯಾಗ ಉಳದೈತಿ" ಎಂದು ಚಿಗವ್ವ ಮೊದಲ ದಿನವೇ ತೀರ್ಪು ಕೊಟ್ಟು, ಸೊಟ್ಟಗಿವಿ ಎಂದು ಹೆಸರಿಟ್ಟುಬಿಟ್ಟಳು.

ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ. ತುರ್ವಿಹಾಳದ ಹತ್ತಿರ ಅವರದು ಕಾಲುವೆ ನೀರಿನ ಭತ್ತದ ಗದ್ದೆ, ಗದ್ದೆಗೆ ಹೊಂದಿಕೊಂಡೇ ಮನೆ. ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಬಾಡಿಗೆ ಕೋಣೆಯಲ್ಲಿರುತ್ತೇನೆ. ಅಲ್ಲಿ ಕುದುರೆ ಕಟ್ಟಲು ಮಾಲೀಕರು ಒಪ್ಪುವುದಿಲ್ಲ (ಕೇಳಿ ನೋಡಿಲ್ಲ). ಹಾಗಾಗಿ ನವಣಿಯ ವಾಸ ಕಾಕಾನ ತಗಡಿನ ಶೆಡ್ಡಿನಲ್ಲಿ.

ಕುದುರೆ ಕೊಂಡ ಹುಡುಗಿಯನ್ನು ಜನ ಏನು ಕೇಳುತ್ತಾರೆ? ಮೊದಲ ಪ್ರಶ್ನೆ, ಯಾವ ಜಾತಿ? ಕುದುರೆಯದೇ ಕೇಳುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು ಉತ್ತರಿಸುತ್ತೇನೆ. ಎರಡನೆಯದು, ಯಾಕೆ? ಇವೆಂಟಿಂಗ್‌ಗೆ ಎನ್ನುತ್ತೇನೆ. ಅಲ್ಲಿಗೆ ಮಾತು ನಿಲ್ಲುತ್ತದೆ, ಗುಮಾನಿ ಶುರುವಾಗುತ್ತದೆ.

ಇವೆಂಟಿಂಗ್ ಎಂದರೆ ಕುದುರೆ ಮತ್ತು ಸವಾರರಿಗೆ ಒಟ್ಟಿಗೆ ನಡೆಯುವ ಮೂರು ಪರೀಕ್ಷೆ. ಮೊದಲು ಅಂಗಳದಲ್ಲಿ ಹೇಳಿದಂತೆ ಹೆಜ್ಜೆ ಹಾಕಬೇಕು. ಆಮೇಲೆ ಬಯಲಿನಲ್ಲಿ ದಿಮ್ಮಿ, ಗುಂಡಿ, ನೀರು ಎಲ್ಲ ದಾಟಿ ಓಡಬೇಕು. ಕೊನೆಗೆ, ಅಷ್ಟೆಲ್ಲ ಸುಸ್ತಾದ ಮೇಲೂ, ಕಂಬಗಳನ್ನು ಬೀಳಿಸದೆ ಹಾರಬೇಕು. ಮೊದಲು ಮರ್ಯಾದೆ, ಆಮೇಲೆ ಧೈರ್ಯ, ಕೊನೆಗೆ ತಾಳ್ಮೆ. (ನಮ್ಮ ಕಡೆ ಇದನ್ನೆಲ್ಲ ಒಂದೇ ದಿನದಲ್ಲಿ ಸೊಸೆಯಿಂದ ನಿರೀಕ್ಷಿಸುತ್ತಾರೆ, ಅದಕ್ಕೆ ಕಪ್ ಕೊಡುವುದಿಲ್ಲ.) ಓದುವಾಗ ಎನ್‌ಸಿಸಿಯಲ್ಲಿ ಸವಾರಿ ಕಲಿತಿದ್ದೆ. ಆ ರುಚಿ ಬಿಡಲಿಲ್ಲ.

ಬೆಂಗಳೂರಿನ ಹೊರಗಿನ ಒಂದು ರೈಡಿಂಗ್ ಸ್ಕೂಲಿನವರು ಹೊಸಬರಿಗಾಗಿ ಸಣ್ಣ ಸ್ಪರ್ಧೆ ಇಟ್ಟಿದ್ದಾರೆ. ಅಲ್ಲಿನ ಕೋಚ್ ಮೇಡಂ ನವಣಿಯ ನಡಿಗೆ, ಹಾರುವಿಕೆ ಎಲ್ಲ ವಿಡಿಯೋದಲ್ಲಿ ನೋಡಿ ಒಪ್ಪಿದರು. ಆದರೆ ನೀರಿಗಿಳಿಯುವ ವಿಡಿಯೋ ಬೇಕು, ಅದಿಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದರು. ಮಸ್ಕಿಯಿಂದ ಅಪ್ಪನೂ ಫೋನಿನಲ್ಲೇ ಷರತ್ತು ಹಾಕಿದರು: ಸ್ಪರ್ಧೆಗೆ ಸೇರಿಸಿಕೊಳ್ಳದಿದ್ದರೆ ಕುದುರೆ ವಾಪಸ್.

ವಾಪಸ್ ಎಂದರೆ ಎಲ್ಲಿಗೆ? ಲಿಂಗಸುಗೂರಿನಲ್ಲಿ ಮದುವೆಗೆ ಕುದುರೆ ಬಾಡಿಗೆ ಕೊಡುವ ಮೌಲಾಸಾಬರ ಹತ್ತಿರ ನವಣಿಯನ್ನು ಕೊಂಡಿದ್ದೆ. ಗಿಡ್ಡ ಕುದುರೆ, ಮೇಲೆ ಕೂತ ವರನ ಕಾಲುಗಳು ನೆಲದ ತನಕ ಜೋತಾಡುತ್ತವೆಂದೇ ಅವರು ಮಾರಿದ್ದು. ವಾಪಸ್ ಕೊಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಮದುವಿಗೆ ಬರಂಗಿಲ್ಲಲ್ರೀ ಮೇಡಂ. ಇಟ್ಟಂಗಿ ಭಟ್ಟಿಯವರು ಕೇಳಾಕತ್ತಾರ" ಎಂದರು.

ಅಂದಿನಿಂದ ಬಿಸಿಲಲ್ಲಿ ಇಟ್ಟಿಗೆ ಹೊತ್ತ ಯಾವ ಪ್ರಾಣಿ ಕಂಡರೂ ನಾನು ಮೊದಲು ಕಿವಿ ನೋಡತೊಡಗಿದೆ.

ಗದ್ದೆಯ ಮೂಲೆಯಲ್ಲಿ ನಾಟಿ ಮಾಡದೆ ಬಿಟ್ಟ ತಗ್ಗಿತ್ತು. ಕಾಲು ಹೂಳದಂತೆ ಅದರ ತಳಕ್ಕೆ ಗರಸು ಮಣ್ಣು ಹಾಕಿಸಿ, ನೀರು ಬಿಡಿಸಿ, ಸ್ಪರ್ಧೆಯಲ್ಲಿರುವಂತೆ ಬಲಕ್ಕೆ ಕೆಂಪು, ಎಡಕ್ಕೆ ಬಿಳಿ ಬಾವುಟ ನೆಟ್ಟೆ. ನಡುವೆ ಇಳಿಯಬೇಕು, ಅಷ್ಟೇ. ದಿಮ್ಮಿಯನ್ನು ಹೂವಿನಂತೆ ಹಾರುವ ನವಣಿ, ನೀರು ಕಂಡರೆ ಗೂಟ ಹೊಡೆದಂತೆ ನಿಲ್ಲುತ್ತಿತ್ತು.

ಹಾಗಾದರೆ ತಪ್ಪು ಯಾರದು?

ಮೌಲಾಸಾಬರ ಮೇಲೆ ನನ್ನ ಮೊದಲ ಗುಮಾನಿ. ನೀರಿಗೆ ಅಂಜುವ ಕುದುರೆಯೆಂದು ಮುಚ್ಚಿಟ್ಟು ಮಾರಿದಿರಾ ಎಂದು ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಂಡರು. ಅದರ ತಾಯಿ ಕುರಿಗಾರರ ಹಿಂದೆ ಹೊಳೆ ದಾಟಿಯೇ ಬೆಳೆದದ್ದು, ಇದೂ ತಮ್ಮ ಬಳಿ ಇದ್ದಾಗ ಹಳ್ಳಕ್ಕಿಳಿದು ನೀರು ಕುಡಿಯುತ್ತಿತ್ತು ಎಂದರು. ಕೊನೆಗೆ, "ನಿಮ್ಮ ಮನ್ಯಾಗ ಯಾರೋ ಏನೋ ಮಾಡ್ಯಾರ, ತಪಾಸ ಮಾಡ್ರಿ" ಎಂದು ಫೋನಿಟ್ಟರು. ಕಳ್ಳ ತಾನೇ ಕಳ್ಳ ಕಳ್ಳ ಎಂದು ಕೂಗುವುದು ಎಂದುಕೊಂಡೆ.

ಕಾಕಾನ ಗೆಳೆಯರೊಬ್ಬರು ಬಂದು ನವಣಿಯ ಸುಳಿ ಹುಡುಕಿದರು. ಎತ್ತಿಗಾಗಲಿ ಕುದುರೆಗಾಗಲಿ ಮೈಮೇಲೆ ಕೂದಲು ಎಲ್ಲಿ ಸುತ್ತಿಕೊಂಡಿದೆ ಎಂದು ನೋಡದೆ ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ. (ನಾನು ಕೊಂಡಿದ್ದೆ.) ಹಿಂಗಾಲಿನ ಹತ್ತಿರ ಒಂದು ಸುಳಿ ಸಿಕ್ಕೇಬಿಟ್ಟಿತು. ಜಲಗಂಡದ ಸುಳಿ ಎಂದರು. ನಾನು ಮುಖ ತಿರುಗಿಸಿ ನಕ್ಕೆ.

ಬೆಂಗಳೂರಿನ ಗೆಳತಿಯೊಬ್ಬಳು, ಸವಾರಿ ಬಲ್ಲವಳು, ಫೋನಿನಲ್ಲಿ ಹೇಳಿದಳು: ತಂದೆಯ ಕಡೆಯದು ಒಣ ಸೀಮೆಯ ರಕ್ತ, ನೀರಿನ ಅಂಜಿಕೆ ಬ್ಲಡ್‌ಲೈನ್‌ನಲ್ಲೇ ಇರಬಹುದು, ಇಂಥ ಕ್ರಾಸ್‌ಗಳನ್ನು ನಂಬಬಾರದು. ಇದಕ್ಕೆ ನಾನು ನಗಲಿಲ್ಲ. ಹೌದಲ್ಲ ಎಂದು ತಲೆಯಾಡಿಸಿದೆ. ಸುಳಿ ಎಂದರೆ ಮೂಢನಂಬಿಕೆ, ರಕ್ತ ಎಂದರೆ ವಿಜ್ಞಾನ, ಅಲ್ಲವೇ?

ಆದರೂ ಮೌಲಾಸಾಬರ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಒಂದು ಸಂಜೆ ಕಾಲೇಜು ಮುಗಿಸಿ ತುರ್ವಿಹಾಳದ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಗುಮಾನಿ ಇರುವವರು ಹೇಳಿ ಹೋಗುವುದಿಲ್ಲ.

ನವಣಿ ಬದುವಿನ ಮೇಲೆ ಹಗ್ಗವಿಲ್ಲದೆ ಮೇಯುತ್ತಿತ್ತು. ಚಿಗವ್ವ ಮನೆ ಬಾಗಿಲ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಜಾಲಿಗಿಡದ ಮರೆಯಲ್ಲಿ ನಿಂತೆ. ಮೇಯುತ್ತ ಮೇಯುತ್ತ ನವಣಿ ಪಕ್ಕದವರ ಗದ್ದೆಯ ನೀರಿಗೆ ಒಂದು ಗೊರಸು ಇಟ್ಟಿತು. "ಊಹೂಂ, ಸೊಟ್ಟಗಿವಿ" ಎಂದಳು ಚಿಗವ್ವ, ಮೊರದಿಂದ ತಲೆ ಎತ್ತದೆ. ನವಣಿ ಗೊರಸು ಹಿಂದಕ್ಕೆಳೆದುಕೊಂಡಿತು. ಕತ್ತು ಹೊರಳಿಸಿ ಮನೆಯ ಬಾಗಿಲ ಕಡೆ ನೋಡಿತು.

ಚಿಗವ್ವ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದಳು. ನವಣಿ ಹೋಗಿ ಅಂಗೈಯಿಂದ ತಿಂದಿತು.

ನಾಚಿಕೆಯಲ್ಲ. ಆ ಭಾನುವಾರ ನನ್ನನ್ನು ಕೆಸರಿಗೆ ಕೆಡವಿ ಅದು ಬೆಲ್ಲಕ್ಕೆ ಕಾಯುತ್ತಿತ್ತು!

ಮರೆಯಿಂದ ಹೊರಬಂದು, ಇದು ಎಂದಿನಿಂದ ನಡೆದಿದೆ ಎಂದು ಕೇಳಿದೆ. ಚಿಗವ್ವನಿಗೆ ಒಂದಿಷ್ಟೂ ಗಲಿಬಿಲಿಯಿಲ್ಲ. "ಬಂದ ದಿನದಿಂದ. ಬಾಜೂಕಿನವರ ಸಸಿ ತುಳದ್ರ ಅವರಿಗೆ ಮಾರಿ ಯಾರು ತೋರಸಬೇಕು? ಬಡದಿಲ್ಲ, ಬೈದಿಲ್ಲ. ಬೆಲ್ಲ ಕೊಟ್ಟು ಕಲಿಸೀನಿ. ಶಾಣೇ ಐತಿ, ನಿನಕಿಂತ ಲಗೂ ಕಲೀತು."

ನಾವೆಲ್ಲ ಸೇರಿ ಮೌಲಾಸಾಬರನ್ನು, ಸುಳಿಯನ್ನು, ಗುಜರಾತಿನ ತಂದೆಯನ್ನು ಅನುಮಾನಿಸಿದ್ದೆವು. ನಮ್ಮ ಕಟ್ಟೆಯ ಮೇಲೆ ಕೂತವರನ್ನು ಮಾತ್ರ ಬಿಟ್ಟು.

ಇನ್ನು ಮೇಲೆ ತಡೆಯಬೇಡ, ಇಳಿದರೆ ಬೆಲ್ಲ ಕೊಡು ಎಂದೆ. ಚಿಗವ್ವ ಮೊರ ಕೆಳಗಿಟ್ಟಳು. "ನಿನ್ನ ಕುದುರಿ ನೀರಿಗಿಳದ್ರ ನಿನಗ ಕಪ್ಪು ಬರತೈತಿ. ನನಗ ಜಗಳ ಬರತೈತಿ."

ಅದೂ ನಿಜವೇ. ಅಪ್ಪನ ಷರತ್ತು ಅವಳಿಗೆ ಗೊತ್ತಿತ್ತು. ಇಟ್ಟಿಗೆ ಭಟ್ಟಿಯ ವಿಷಯ ಗೊತ್ತಿರಲಿಲ್ಲ. ಅದನ್ನಷ್ಟೇ ಹೇಳಿ ಕೊನೆಯ ಬಸ್ಸಿಗೆ ಹೊರಟೆ.

ಮುಂದಿನ ಭಾನುವಾರ ನಾನು ಜೀನು ಬಿಗಿಯುತ್ತಿದ್ದಾಗ ಚಿಗವ್ವ ಸೀರೆ ಎತ್ತಿಕಟ್ಟಿ ತಾನೇ ತಗ್ಗಿಗಿಳಿದಳು. ಕೆಂಪು-ಬಿಳಿ ಬಾವುಟಗಳ ಎದುರು, ಮೊಣಕಾಲು ನೀರಿನಲ್ಲಿ ನಿಂತು, ಬೆಲ್ಲದ ಅಂಗೈ ಚಾಚಿದಳು. "ಬಾ, ನನ್ನವ್ವ. ಇದು ನಮ್ಮದ ನೀರು."

ನವಣಿ ಅಂಚಿನಲ್ಲಿ ನಿಂತಿತು. ನೀರು ನೋಡಿತು, ಚಿಗವ್ವನನ್ನು ನೋಡಿತು. ಎರಡೂ ಸೊಟ್ಟಗಿವಿಗಳು ಮುಂದಕ್ಕೆ ಬಂದವು. ಅದಕ್ಕೂ ಗುಮಾನಿ, ನೋಡಿ: ಬೇಡ ಎಂದವಳೇ ಬಾ ಎನ್ನುತ್ತಿದ್ದಾಳಲ್ಲ! ನಾನು ಲಗಾಮು ಸಡಿಲ ಬಿಟ್ಟು ಸುಮ್ಮನೆ ಕೂತೆ. ಒಂದು ಗೊರಸು. ಇನ್ನೊಂದು. ಆಮೇಲೆ ಪಳಪಳ ನೀರು ಚಿಮ್ಮಿಸುತ್ತ ನಡೆದೇಬಿಟ್ಟಿತು. ಮೂರನೆಯ ಸಲಕ್ಕೆ ಚಿಗವ್ವ ಬೇಕಾಗಲಿಲ್ಲ. ಕಾಕಾ ವಿಡಿಯೋ ಮಾಡಿದ (ಅರ್ಧದಲ್ಲಿ ಅವನ ಬೆರಳಿದೆ). ಕೋಚ್ ಮೇಡಂ ಬನ್ನಿ ಎಂದರು. ಅಪ್ಪ, ಸರಿ ಎಂದರು.

ಮೌಲಾಸಾಬರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಯಾವ ಕಾರಣಕ್ಕೆ ಕೇಳುತ್ತಿದ್ದೇನೋ ಎಂದು ಅವರು ಅನುಮಾನದಿಂದಲೇ ಕೇಳಿಸಿಕೊಂಡರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮೊನ್ನೆ ಪಾಠ ಮುಗಿಸಿ ಹೊರಬರುವಷ್ಟರಲ್ಲಿ ಚಿಗವ್ವನ ಫೋನು. ನವಣಿ ಪಕ್ಕದವರ ಗದ್ದೆಗಿಳಿದು, ಹೊಸ ನಾಟಿಯ ನಡುವೆ ನೀರು ಚಿಮ್ಮಿಸುತ್ತ ಈ ಬದುವಿನಿಂದ ಆ ಬದುವಿಗೆ ಹೋಗಿದೆಯಂತೆ. ಹೋಗಿ, ಬೆಲ್ಲಕ್ಕೆ ಕತ್ತು ಹೊರಳಿಸಿದೆಯಂತೆ. ಪಕ್ಕದವರು ಕಟ್ಟೆಗೆ ಬಂದು ಕೂತಿದ್ದಾರೆ.

ಬಾವುಟ ಇರುವಲ್ಲಿ ಮಾತ್ರ ಇಳಿಯಬೇಕು, ಅದನ್ನು ಇನ್ನೂ ಕಲಿಸಬೇಕಿದೆ ಎಂದು ನಾನು ತೊದಲಿದೆ. ಚಿಗವ್ವ ತಣ್ಣಗೆ ಕೇಳಿದಳು:

"ಇಳೀ ಅನ್ನಾಕ ಬಾವುಟ ಹಚ್ಚೀದಿ. ಒಮ್ಮೆ ಧೈರ್ಯ ಬಂದಾಕಿಗೆ ಇಳೀಬ್ಯಾಡ ಅನ್ನಾಕ ಯಾವ ಬಣ್ಣದ್ದು ಹಚ್ಚಬೇಕವ್ವ?"

ಅವಳು ಕೇಳಿದ್ದು ಕುದುರೆಯ ಬಗ್ಗೆಯೇನಾ?