ಏಳನೇ ದಿನದ ಮುಖ

ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ತಗಡಿನ ಡಬ್ಬಿಯನ್ನು ಮೊನ್ನೆ ತೆಗೆದೆ. ಹಳೇ ಮಸಾಲೆ ಇರಬೇಕು, ಹೊರಗೆ ಒಗೆದರಾಯಿತು ಅಂದುಕೊಂಡಿದ್ದೆ. ಮುಚ್ಚಳ ತೆಗೆದರೆ ಅರದಾಳ. ವೇಷ ಕಟ್ಟುವವರು ಮುಖಕ್ಕೆ ಬಳಿದುಕೊಳ್ಳುವ ಹಳದಿ ಪುಡಿ. ಅದರ ಜೊತೆ ಕಮಟಿದ ಕೊಬ್ಬರಿ ಎಣ್ಣೆಯ ವಾಸನೆ... ಅಷ್ಟೇ ಸಾಕಾಯಿತು. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ. ಕೂತಲ್ಲಿ ಕೂರಲು ಆಗಲಿಲ್ಲ.

ಡಬ್ಬಿ ವೇಷದಣ್ಣನದು. ಬೆಟಗೇರಿಯ ನಮ್ಮ ಮಗ್ಗದ ಓಣಿಗೆ ವರ್ಷಕ್ಕೊಮ್ಮೆ ಬರುತ್ತಿದ್ದ. ಲಕ್ಷ್ಮೇಶ್ವರದ ಬಸ್ಸು ಇಳಿದು, ಟ್ರಂಕು ಹೆಗಲ ಮೇಲಿಟ್ಟುಕೊಂಡು. ಹಗಲುವೇಷದವನು. ಹಗಲಲ್ಲೇ ಆಟ, ಓಣಿಯೇ ರಂಗ, ಪರದೆ ಗಿರದೆ ಏನೂ ಇಲ್ಲ. ಆರು ದಿನ ಆರು ವೇಷ: ಜೋಗಿ, ರಾಜ, ರಾಕ್ಷಸ, ದೇವಿ, ಫೌಜದಾರ, ಮುದುಕಿ. ಏಳನೇ ದಿನ ಬಣ್ಣವಿಲ್ಲದೆ, ಒಗೆದ ಅಂಗಿ ಹಾಕಿಕೊಂಡು ಮನೆ ಮನೆಗೆ ಜೋಳ ಕೇಳಲು ಬರುತ್ತಿದ್ದ. ಅದು ಅವರ ಮನೆತನದ ರೀತಿ. ಆರು ದಿನ ನಗಿಸಿದವನು, ಹೆದರಿಸಿದವನು ಯಾರು ಅಂತ ಊರು ನೋಡಬೇಕು, ನೋಡಿ ಕೊಡಬೇಕು. ವೇಷದಲ್ಲಿದ್ದು ಕೈಯೊಡ್ಡಿದರೆ ಅದು ಭಿಕ್ಷೆ ಅನ್ನುತ್ತಿದ್ದ.

ಫೌಜದಾರ ಆದ ದಿನ ಹಾಲಿನವನ ಕ್ಯಾನಿನಲ್ಲಿ ಕೋಲು ಅದ್ದಿ, "ಲೇ, ಇದರಾಗ ಎಮ್ಮಿ ಎಷ್ಟ, ನಳ ಎಷ್ಟ?" ಅಂತ ಗದರಿಸುತ್ತಿದ್ದ. ಮುದುಕಿ ಆದಾಗ ಮಾತ್ರ ನನಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಆ ಮುದುಕಿ ನಾನೇ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಸೊಸೆಯನ್ನು ಬೈಯುವುದು, ನಡುವೆ ಮೂಗು ಒರೆಸಿಕೊಳ್ಳುವುದು, ಎಡಗಣ್ಣು ಸಣ್ಣ ಮಾಡುವುದು, ಒಂದನ್ನೂ ಬಿಡುತ್ತಿರಲಿಲ್ಲ. ಓಣಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನಾನು ಬಾಗಿಲಿಗೆ ಬಂದು, "ನಿನ್ನ ಬಾಯಾಗ ಮಣ್ಣ ಹಾಕ!" ಅಂದರೆ, ಅವನೂ ನನ್ನದೇ ದನಿಯಲ್ಲಿ, "ನಿನ್ನ ಬಾಯಾಗ ಮಣ್ಣ ಹಾಕ!" ಅನ್ನುತ್ತಿದ್ದ.

ನನ್ನ ಮಗಳ ಮಗಳು ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇದನ್ನೆಲ್ಲ ಕಿರುಚಿತ್ರ ಮಾಡುತ್ತೇನೆ ಅಂತ ಹೊರಟಳು. ಹಿಂದೆ ಯಾವ ಕಂಪನಿಯೂ ಇಲ್ಲ, ಇವಳು ಮತ್ತು ಮೂವರು ಗೆಳತಿಯರು. ಕ್ಯಾಮೆರಾ ಇನ್ನೊಬ್ಬರದು.

"ಒಂದ ದಿನಕ್ಕ ಒಂದ ವೇಷರಿ ತಂಗಿ," ಅಂದ ವೇಷದಣ್ಣ. "ಮಾರಿ ಅಂದ್ರ ಅಂಗಿ ಏನ್ರಿ, ಹಾಕ್ಕೊಂಡು ಕಳಿಯಾಕ?"

"ಕ್ಯಾಮೆರಾ ಮೂರ ದಿನಾ ಅಷ್ಟ ಐತ್ರಿ ಅಜ್ಜಾರ. ನಾಕನೇ ದಿನ ಮಧ್ಯಾಹ್ನ ತಿರುಗಿ ಕೊಡಬೇಕು."

ಅವನು ಬೆರಳು ಮಡಚಿ ಆರೂ ವೇಷ ಎಣಿಸಿದ. ಆಮೇಲೆ, "ಆತು, ದಿನಕ್ಕ ಎರಡ ಕಟ್ತೀನಿ. ಆದ್ರ ಕಡೀಕ ಬಣ್ಣ ಇಲ್ಲದ ನನ್ನ ಬರೇ ಮಾರಿ ಬರಬೇಕ್ರಿ. ಅದ ಇಲ್ಲಂದ್ರ ಆಟ ಮುಗದಂಗಲ್ಲ," ಅಂದ. ಮೊಮ್ಮಗಳು ಹೂಂ ಅಂದಳು. ನನ್ನೆದುರಿಗೇ ಅಂದಳು.

ಶೂಟಿಂಗ್ ಮೊದಲ ದಿನವೇ ಅವನ ಮಾತು ನಿಂತುಹೋಯಿತು. ಹುಡುಗಿಯರು ಓಣಿಯವರಿಗೆಲ್ಲ "ಯಾರೂ ಮಾತಾಡಬ್ಯಾಡ್ರಿ" ಅಂತ ಹೇಳಿಟ್ಟಿದ್ದರು. ಬೈಯುವವರಿಲ್ಲ, ನಗುವವರಿಲ್ಲ, ಹೆದರಿ ಓಡುವವರಿಲ್ಲ. ಫೌಜದಾರ ಕೋಲು ಹಿಡಿದುಕೊಂಡು ನೀರಿನ ಸರದಿಗೆ ನಿಂತವನಂತೆ ನಿಂತುಬಿಟ್ಟ. ಮೂರು ಸಲ ತೆಗೆದರೂ ಅದೇ ಕಥೆ. ನನಗೆ ತಡೆಯಲಿಲ್ಲ. "ಏ ಫೌಜದಾರ, ಲಂಚ ತಿಂದು ಹೊಟ್ಟಿ ಜಡ ಆಗೇತೇನ?" ಅಂತ ಬಾಗಿಲಿನಿಂದ ಕೂಗಿದೆ. ಅಷ್ಟಕ್ಕೇ ಅವನಿಗೆ ಜೀವ ಬಂತು. ಆಮೇಲೆ ಮೊಮ್ಮಗಳು ಯಾರ ಬಾಯನ್ನೂ ಕಟ್ಟಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಏಳು ಮನೆಗಳ ಮುಂದೆ ನಿಂತ. ನಮ್ಮ ಮನೆಗೂ ಬಂದ. ಜೋಳ ಹಾಕಿ ಒಳಗೆ ಹೋದೆ. ಕಂಡಿಕೆ ಅರ್ಧ ಸುತ್ತಿದ್ದು ಹಾಗೇ ಇತ್ತಲ್ಲ.

ಸ್ಪರ್ಧೆಗೆ ಕಳಿಸಲು ಚಿತ್ರ ಹದಿನೈದು ನಿಮಿಷ ದಾಟಬಾರದಂತೆ. ಉಳಿದದ್ದನ್ನೆಲ್ಲ ಎಷ್ಟು ಕತ್ತರಿಸಿದರೂ ಹದಿನೆಂಟಕ್ಕೆ ಬಂದು ನಿಂತಿತು. ಮೊಮ್ಮಗಳು ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು. "ಆಯಿ, ಮುದುಕಿ ಮೂರ ನಿಮಿಷ ಐತಿ, ಬರೇ ಮಾರಿ ಮೂರ ನಿಮಿಷ ಐತಿ. ಯಾವುದನ್ನ ತಗೀಲಿ?"

"ಬರೇ ಮಾರಿ ಯಾರು ನೋಡ್ತಾರ? ತಗದ ಒಗಿ," ಅಂದೆ.

ನಾನೇ ವರ್ಷ ವರ್ಷವೂ ಶಾಪ ಹಾಕುತ್ತಿದ್ದ ಆ ಮುದುಕಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಪರದೆಯ ಮೇಲೆ ನಾನು ಇರಬೇಕಿತ್ತು. ಇದ್ದದ್ದು ಇಷ್ಟೇ. ಮೊಮ್ಮಗಳು ಅವನಿಗೆ ಕೊಟ್ಟ ಮಾತು ನನಗೆ ನೆನಪಿತ್ತು. ನೆನಪಿದ್ದೂ ಅಂದೆ. ಅವಳು ತೆಗೆದಳು. ಮುಂದೆ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಬೇಡವಾದದ್ದನ್ನೆಲ್ಲ ಅಳಿಸಿಯೂ ಹಾಕಿದಳು.

ಗದಗಿನ ಒಂದು ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಅವನು ಹೆಂಡತಿಯನ್ನೂ ಶಿರಹಟ್ಟಿಯಿಂದ ಬೀಗರನ್ನೂ ಕರೆದುಕೊಂಡು ಬಂದಿದ್ದ. ಅದೇ ಇಸ್ತ್ರಿ ಅಂಗಿ. ಮುದುಕಿ ಬಂದಾಗ ಜನ ಸೀಟಿ ಹೊಡೆದರು, ನಾನು ಬೀಗಿದೆ. ಚಿತ್ರ ಮುಗಿಯಿತು, ಹೆಸರುಗಳು ಓಡಿದವು, ದೀಪ ಹತ್ತಿದವು, ಮಂದಿ ಎದ್ದರು. ಅವನು ಮಾತ್ರ ಪರದೆ ನೋಡುತ್ತಾ ಕೂತೇ ಇದ್ದ.

"ಮುಗೀತ್ರಿ ಅಜ್ಜಾರ," ಅಂದಳು ಮೊಮ್ಮಗಳು.

"ಮುಗೀತೇನ್ರಿ?" ಅಂದ. "ನಾ ಬರಲೇ ಇಲ್ಲಲ್ರಿ."

ಅವನು ಬೀಗರಿಗೆ, "ನಡೀರಿ, ಬಸ್ಸ ತಪ್ಪತೈತಿ," ಅಂತ ಎದ್ದ. ನನ್ನ ಪಕ್ಕದಲ್ಲೇ ಹಾದು ಹೋದ. ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದ್ದೆ...

ಮರುವರ್ಷ ಅವನು ಬರಲಿಲ್ಲ. ಮುಂಡರಗಿಯಲ್ಲಿ ವೇಷ ಕಟ್ಟಿದ್ದಾಗ ಎದೆ ಹಿಡಿದುಕೊಂಡು ಕುಸಿದನಂತೆ. ರಾಜನ ವೇಷವಿತ್ತಂತೆ. ಸುತ್ತಲಿನವರು ಆಟವೆಂದೇ ತಿಳಿದು ಸ್ವಲ್ಪ ಹೊತ್ತು ನಗುತ್ತಾ ನಿಂತಿದ್ದರಂತೆ.

ಅವನ ಹೆಂಡತಿ ಈ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಇದನ್ನಿಟ್ಟಗೊಂಡು ನಾ ಏನ್ ಮಾಡ್ಲಿ ಅಕ್ಕಾರ? ನಿಮ್ಮ ಮೊಮ್ಮಗಳ ಕೆಲಸಕ್ಕ ಬಂದ್ರ ಬರ್ಲಿ," ಅಂದಳು. ಆಮೇಲೆ ಮೆಲ್ಲಗೆ, "ಪಿಚ್ಚರದಾಗಿಂದ ಅವರ್ದೊಂದು ಫೋಟೋ ಕೊಡ್ತೀರೇನ್ರಿ? ಬಣ್ಣ ಇಲ್ಲದ್ದು. ಆಧಾರ ಕಾರ್ಡಿನ್ಯಾಗಿಂದು ಬರೇ ಕಪ್ಪ ಬಂದೈತಿ," ಅಂದಳು.

ಮೊಮ್ಮಗಳು ತಲೆ ತಗ್ಗಿಸಿದಳು. ನಾನೇ ಹೇಳಿದೆ, "ಇಲ್ಲವಾ. ಅದನ್ನ ತಗಸಿದಾಕಿ ನಾನ."

ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು, ಬೈಗುಳ ತಿರುಗಿಸಿ ಕೊಡಲು ನನಗೆ ಬರುತ್ತದೆ. ಚಹಾ ಕುಡಿದಳು. ಚಿತ್ರವನ್ನು ಇನ್ನೊಮ್ಮೆ ಹಾಕಿಸಿ ನೋಡಿದಳು. ಒಂದು ಕಡೆ ಬೆರಳಿಟ್ಟು, "ಇಲ್ಲಿ ನಗ್ತಾರಲ್ರಿ, ಈಟ ಅವರ ಗತೆ ಕಾಣ್ತಾರ. ಇದನ್ನ ಕೊಡ್ರಿ," ಅಂದಳು. ಅದು ಮುದುಕಿಯ ವೇಷ. ಈಗ ಲಕ್ಷ್ಮೇಶ್ವರದ ಅವರ ಮನೆಯ ಗೋಡೆಯ ಮೇಲೆ, ನನ್ನ ಹಾಗೆ ಸೆರಗು ಹೊದ್ದು, ಎಡಗಣ್ಣು ಸಣ್ಣ ಮಾಡಿ ಅವನು ನಗುತ್ತಿದ್ದಾನೆ.

ಮೊನ್ನೆಯಿಂದ ಬಣ್ಣವಿಲ್ಲದ ಅವನ ಮುಖ ನೆನೆಯಲು ನೋಡುತ್ತಿದ್ದೇನೆ. ರಾಕ್ಷಸನ ಹುಬ್ಬು ಕಣ್ಣಿಗೆ ಕಟ್ಟಿದೆ, ಜೋಗಿಯ ಗಡ್ಡ ಕಟ್ಟಿದೆ. ಅವನದು ಮಾತ್ರ ಬರುವುದಿಲ್ಲ. ಮೂಗು ಮೊಂಡಾಗಿತ್ತೇ? ಗದ್ದದ ಮೇಲೆ ಕಲೆ ಇತ್ತೇ... ನನ್ನ ಮೂಗು, ನನ್ನ ಕಣ್ಣು, ನನ್ನ ಸಿಟ್ಟನ್ನೆಲ್ಲ ಅವನು ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ.

ಇವತ್ತು ಡಬ್ಬಿ ಮುಚ್ಚಿದೆ. ಕೈಗೆ ಹಳದಿ ಮೆತ್ತಿತ್ತು. ಅಂಗಳದ ನಲ್ಲಿಯ ಕೆಳಗೆ ಸಾಬೂನು ಹಚ್ಚಿ ತೊಳೆದೆ. ವೇಷ ಮುಗಿದ ಮೇಲೆ ಅವನು ಮುಖ ತೊಳೆಯುತ್ತಿದ್ದದ್ದು ಇದೇ ನಲ್ಲಿಯಲ್ಲಿ. ನಾನೇ ಕೊಬ್ಬರಿ ಎಣ್ಣೆ, ಹಳೇ ಅರಿವೆ ತಂದಿಡುತ್ತಿದ್ದೆ. ಹಳದಿ ನೀರು ಗಟಾರಿಗೆ ಹರಿಯುವುದನ್ನು ನೋಡುತ್ತಿದ್ದೆ. ಅವನು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ನಾನು ಕಂಡಿಕೆಯ ಮುಂದೆ ಹೋಗಿ ಕೂತಿರುತ್ತಿದ್ದೆ.